ಡೆಬಿಯನ್ ಮೇಂಟೇನರ್ ಆದ ಸಂದರ್ಭದಲ್ಲಿ ಕೆಲವರಿಗೆ ವಂದನೆಗಳು

ಕಳೆದ ವಾರ ನನ್ನ ಜಿಪಿಜಿ ಕೀ, ಅಂದರೆ ನನ್ನ ಡಿಜಿಟಲ್ ಸಹಿಯನ್ನು ಗುರುತಿಸುವ ಕೀಲಿ, ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಮೇಂಟೇನರ್‌ಗಳ ಕೀರಿಂಗ್‌ಗೆ (ಮಾನ್ಯ ಕೀಲಿಗಳ ಪಟ್ಟಿಗೆ) ಸೇರ್ಪಡೆಯಾಯಿತು. ಅದರ ಬೆನ್ನಿಗೇ, ಇಷ್ಟು ದಿನ ನನ್ನ ಪರವಾಗಿ ಅಪ್‌ಲೋಡ್ ಮಾಡಿಕೊಡುತ್ತಿದ್ದ ಡೆವಲಪರ್ ಒಬ್ಬರು, ನಾನು ನೋಡಿಕೊಳ್ಳುತ್ತಿರುವ ಸಿ ಭಾಷೆಯ ಲೈಬ್ರರಿಯೊಂದರ ಪ್ಯಾಕೇಜನ್ನು (ಅಳವಡಿಸಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟನ್ನು) ಇನ್ನು ನಾನೇ ಅಪ್‌ಲೋಡ್ ಮಾಡಬಹುದೆಂಬ ಅನುಮತಿಯನ್ನೂ ದಾಖಲಿಸಿದರು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಬೃಹತ್ ಯೋಜನೆಯಲ್ಲಿ ಇದು ಸಣ್ಣ ಹೊಣೆಯೇ ಸರಿ. ಡೆವಲಪರ್‌ಗಳಿಗಿರುವಂತೆ ಯಾವ ಪ್ಯಾಕೇಜನ್ನಾದರೂ ಅಪ್‌ಲೋಡ್ ಮಾಡುವ ಅಧಿಕಾರವಾಗಲಿ ಮತದಾನದ ಹಕ್ಕಾಗಲಿ ಮೇಂಟೇನರ್‌ಗೆ ಇರುವುದಿಲ್ಲ. ಆದರೂ ಈ ಹೊಣೆ ನನಗೆ ದಕ್ಕುವವರೆಗೆ ಎಷ್ಟೋ ಮಂದಿ, ಸಂಬಳವಿಲ್ಲದೆ, ತಮ್ಮ ಬಿಡುವಿನ ಹೊತ್ತನ್ನು ನನ್ನ ಕೆಲಸ ಓದುವುದಕ್ಕೆ ಕೊಟ್ಟಿದ್ದಾರೆ. ಅವರಿಗೆ ಬಹಿರಂಗವಾಗಿ ವಂದಿಸದೆ ಮುಂದಿನ ಕೆಲಸಕ್ಕೆ ಕೈಹಾಕಲು ಮನಸ್ಸು ಒಪ್ಪಲಿಲ್ಲ.

ಮೊದಲ ವಂದನೆ, ನಾನು ಎಂದೂ ಮಾತನಾಡಿಸದ ಒಬ್ಬರಿಗೆ. ಈ ಪ್ಯಾಕೇಜನ್ನು ಬಹುಕಾಲ ನೋಡಿಕೊಂಡಿದ್ದ ಅವರು, ಸಮಯ ಸಾಲದೆಂದು ತಿಳಿಸಿ ಅದನ್ನು ಬಿಟ್ಟುಕೊಟ್ಟಿದ್ದರು. ಹೀಗೆ ಯಾರೂ ಇಲ್ಲದಂತಾದ ಪ್ಯಾಕೇಜುಗಳನ್ನು ಡೆಬಿಯನ್‌ನ ಕ್ಯೂಎ (ಗುಣಮಟ್ಟ ನೋಡಿಕೊಳ್ಳುವ) ತಂಡ ಹೇಗೋ ಉಳಿಸಿಕೊಂಡಿರುತ್ತದೆ, ಮತ್ತು ಹೊಸಬರು ಹೊಸ ಪ್ಯಾಕೇಜು ಕಟ್ಟುವುದಕ್ಕಿಂತ ಇಂಥದ್ದೊಂದನ್ನು ವಹಿಸಿಕೊಳ್ಳುವುದು ಮೇಲು ಎಂದು ಬಲ್ಲವರು ಹೇಳುತ್ತಾರೆ. ಆ ಮಾತು ಎಷ್ಟು ಸರಿಯೆಂಬುದು ಹಳೆಯ ಮೇಂಟೇನರ್ ಬಿಟ್ಟುಹೋಗಿದ್ದ ಪ್ಯಾಚ್‌ಗಳನ್ನು (ಮೂಲ ಕೋಡ್‌ಗೆ ಮಾಡಿದ ತಿದ್ದುಪಡಿಗಳನ್ನು) ತೆರೆದಾಗ ತಿಳಿಯಿತು. ಪ್ರತಿಯೊಂದರ ತಲೆಯಲ್ಲೂ ಅದು ಏಕೆ ಬೇಕಾಯಿತು, ಎಲ್ಲಿಂದ ಬಂತು, ಯಾವ ಬಗ್‌ಗೆ ಸಂಬಂಧಿಸಿದೆ, ಮೂಲ ಲೇಖಕರಿಗೆ ಕಳುಹಿಸಲಾಗಿದೆಯೇ ಎಂಬುದನ್ನೆಲ್ಲ ನಾಲ್ಕೈದು ಸಾಲುಗಳಲ್ಲಿ ಬರೆದಿಟ್ಟಿದ್ದರು. ಮುಂದೆ ಯಾರು ಬರುತ್ತಾರೆಂಬುದು ತಿಳಿಯದಿದ್ದಾಗಲೂ ಬರುವವರಿಗಾಗಿ ಅಷ್ಟು ಕಾಳಜಿಯಿಂದ ಬರೆದವರಿಗೆ ನಾನು ಋಣಿ.

ಎರಡನೆಯದಾಗಿ ನೆನೆಯಬೇಕಾದವರು ನನ್ನ ಅಪ್‌ಲೋಡುಗಳಿಗೆ ಪ್ರಾಯೋಜಕರಾಗಿದ್ದ ಆ ಡೆವಲಪರ್. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಗೆ ಅದು ಇಷ್ಟವಾಗದು. ಲೈಬ್ರರಿಯ ಹೊಸ ಆವೃತ್ತಿಯ ಕೈಪಿಡಿಯೊಳಗೆ ಒಂದೇ ಉದ್ದ ಸಾಲಿಗೆ ಕುಗ್ಗಿಸಿದ ಜಾವಾಸ್ಕ್ರಿಪ್ಟ್ ಫೈಲೊಂದು ಸೇರಿತ್ತು, ಮತ್ತು ಅದರ ಮೂಲರೂಪ ಇಲ್ಲವೆಂದು ಪ್ಯಾಕೇಜಿನ ತಪ್ಪುಗಳನ್ನು ಹುಡುಕುವ ಲಿಂಟಿಯನ್ ಎಂಬ ಸಾಧನ ಎಚ್ಚರಿಸುತ್ತಿತ್ತು. ಏನು ಮಾಡಬೇಕೆಂದು ಕೇಳಿದಾಗ ಅವರು ‘ತೆಗೆದುಹಾಕಿ’ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಅದರ ಬದಲು, 1997ರಿಂದ ಜಾರಿಯಲ್ಲಿರುವ ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿಯ ಎರಡನೆಯ ಅಂಶ ಸೋರ್ಸ್ ಕೋಡ್ ಇರಲೇಬೇಕೆಂದು ಏಕೆ ಹೇಳುತ್ತದೆ, ವರ್ಷಗಳ ನಂತರ ಆ ಫೈಲಿನಲ್ಲಿ ಭದ್ರತಾ ದೋಷ ಕಂಡುಬಂದರೆ ಅದನ್ನು ಸರಿಪಡಿಸಬೇಕಾದವರು ಯಾವ ಕಷ್ಟಕ್ಕೆ ಸಿಲುಕುತ್ತಾರೆ, ಅಂಥ ಫೈಲನ್ನು ಹೊರಗಿಡುವುದನ್ನು ಕಾಪಿರೈಟ್ ಫೈಲಿನಲ್ಲಿಯೇ ಹೇಗೆ ನಮೂದಿಸಬೇಕು, ಹಾಗೆ ಮರುಕಟ್ಟಿದ ಆವೃತ್ತಿಯ ಸಂಖ್ಯೆಯ ಕೊನೆಗೆ ಡಿಎಫ್‌ಎಸ್‌ಜಿ (ಆ ಮಾರ್ಗಸೂಚಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂಬ ಗುರುತು ಏಕೆ ಬರುತ್ತದೆ ಎಂಬುದನ್ನೆಲ್ಲ ದೀರ್ಘ ಪತ್ರದಲ್ಲಿ ವಿವರಿಸಿದರು. ನಿಯಮವನ್ನು ಅದರ ಕಾರಣದೊಂದಿಗೆ ಕಲಿಸುವವರು ಸಿಗುವುದು ಭಾಗ್ಯವೆಂದೇ ನಾನು ಭಾವಿಸಿದ್ದೇನೆ. ಅವರ ಆ ಪತ್ರವನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ.

ಅದೇ ಆವೃತ್ತಿ, ಹೊಸ ಅಪ್‌ಲೋಡುಗಳು ಮೊದಲು ಸೇರುವ ‘ಅನ್‌ಸ್ಟೇಬಲ್’ ಶಾಖೆಯನ್ನು ತಲುಪಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಉಳಿದೆಲ್ಲ ಬಗೆಯ ಯಂತ್ರಗಳಲ್ಲಿ ಸರಾಗವಾಗಿ ಬಿಲ್ಡ್ ಆದ ಪ್ಯಾಕೇಜು ಎಸ್390ಎಕ್ಸ್‌ನಲ್ಲಿ, ಅಂದರೆ ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ, ಪರೀಕ್ಷೆಯೊಂದರಲ್ಲಿ ಸೋಲುತ್ತಿತ್ತು. ಹಿಂದಿನ ಆವೃತ್ತಿ ಅಲ್ಲಿ ಬಿಲ್ಡ್ ಆಗಿದ್ದರಿಂದ, ಇದೂ ಆಗುವವರೆಗೆ ಮುಂದಿನ ಶಾಖೆಯಾದ ‘ಟೆಸ್ಟಿಂಗ್’ಗೆ ದಾಟುವಂತಿರಲಿಲ್ಲ. ಅಂಥ ಯಂತ್ರವನ್ನು ನಾನು ಕಣ್ಣಿನಿಂದಲೂ ಕಂಡವನಲ್ಲ. ಆಗ ಆ ಆರ್ಕಿಟೆಕ್ಚರ್‌ನ ಕೆಲಸ ನೋಡಿಕೊಳ್ಳುವವರೊಬ್ಬರು ತಾವಾಗಿಯೇ ಪರೀಕ್ಷೆಯನ್ನು ಓಡಿಸಿ, ಫೈಲಿನ ಆರಂಭದ ನಾಲ್ಕು ಬೈಟ್‌ಗಳು ಎರಡೂ ಬಗೆಯ ಯಂತ್ರಗಳಲ್ಲಿ ಹೇಗೆ ಓದಿಸಿಕೊಳ್ಳುತ್ತಿವೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ಕಳುಹಿಸಿದರು. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳು ಸಂಖ್ಯೆಯ ಕಿರಿಯ ಬೈಟನ್ನು ಮೊದಲಿಟ್ಟರೆ ಆ ಯಂತ್ರಗಳು ಹಿರಿಯ ಬೈಟನ್ನು ಮೊದಲಿಡುತ್ತವೆ; ಕೋಡ್ ಆ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಆ ಎರಡು ಸಾಲುಗಳನ್ನು ನೋಡಿದ ಮೇಲೆ ಪ್ಯಾಚ್ ಬರೆಯುವುದು ಕಷ್ಟವಾಗಲಿಲ್ಲ. ಅದನ್ನು ಆದರದಿಂದ ಸ್ವೀಕರಿಸಿ ತಮ್ಮ ಮುಂದಿನ ಬಿಡುಗಡೆಯಲ್ಲಿ ಸೇರಿಸಿಕೊಂಡ ಲೈಬ್ರರಿಯ ಮೂಲ ಲೇಖಕರಿಗೂ ನನ್ನ ನಮಸ್ಕಾರಗಳು.

2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ಡೆಬ್‌ಕಾನ್ಫ್ ಎಂಬ ಡೆಬಿಯನ್ ಸಮ್ಮೇಳನದಲ್ಲಿ ನನ್ನ ಗುರುತಿನ ಚೀಟಿಯನ್ನೂ ಕೀಯ ಫಿಂಗರ್‌ಪ್ರಿಂಟನ್ನೂ (ಕೀಯನ್ನು ಗುರುತಿಸುವ ಅಕ್ಷರಸರಣಿಯನ್ನೂ) ಅಕ್ಷರ ಅಕ್ಷರವಾಗಿ ತಾಳೆ ನೋಡಿ ಸಹಿ ಮಾಡಿದ ಡೆವಲಪರ್‌ಗಳನ್ನೂ, ಮೇಂಟೇನರ್ ಅರ್ಜಿಗೆ ಶಿಫಾರಸು ಬರೆದವರನ್ನೂ, ಹೊಸ ಪ್ಯಾಕೇಜುಗಳ ಸರತಿಯಲ್ಲಿ ಪರವಾನಗಿಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದ, ಎಫ್‌ಟಿಪಿ ಮಾಸ್ಟರ್‌ಗಳೆಂದು ಕರೆಯಲಾಗುವ ಪ್ಯಾಕೇಜು ಭಂಡಾರದ ಉಸ್ತುವಾರಿಗಳನ್ನೂ ಗೌರವದಿಂದ ನೆನೆಯುತ್ತೇನೆ. ರಾತ್ರಿ ಊಟದ ನಂತರದ ಹೊತ್ತನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟ ನನ್ನ ಹೆಂಡತಿಗೂ ಈ ವಂದನೆಯಲ್ಲಿ ಪಾಲಿದೆ.

ಡೆಬಿಯನ್‌ನಲ್ಲಿ ಕನ್ನಡ ಓದಲು ನಾನು ಬಳಸುವ ಗುಬ್ಬಿ ಮತ್ತು ನವಿಲು ಫಾಂಟ್‌ಗಳನ್ನು ರೂಪಿಸಿದವರನ್ನೂ, ಅವುಗಳನ್ನು ಪ್ಯಾಕೇಜು ಮಾಡಿದವರನ್ನೂ ಇಲ್ಲಿ ಹೆಸರಿಸದಿದ್ದರೆ ತಪ್ಪಾದೀತು. ವರ್ಷಗಟ್ಟಲೆ ಒಂದೇ ಆಜ್ಞೆಯಿಂದ ಅವನ್ನು ಅಳವಡಿಸಿಕೊಂಡಿದ್ದರೂ, ಅದರ ಹಿಂದಿನ ದುಡಿಮೆ ಎಷ್ಟೆಂಬುದು ಈಗ ನನಗೆ ಮನವರಿಕೆಯಾಗಿದೆ. ಕನ್ನಡಕ್ಕೆ ಸಂಬಂಧಿಸಿದ ಪ್ಯಾಕೇಜುಗಳಿಗೆ ಇನ್ನಷ್ಟು ಜನ ಬೇಕು. ಅವುಗಳ ಕೆಲಸ ಕಲಿಯಬಯಸುವವರು ಯಾರೇ ಇದ್ದರೂ, ಮೊದಲ ಪ್ಯಾಕೇಜನ್ನು ಜೊತೆಯಲ್ಲಿ ಕುಳಿತು ಓದಿ, ಕನ್ನಡದಲ್ಲಿಯೇ ವಿವರಿಸಲು ಪ್ರತಿ ಭಾನುವಾರ ಬೆಳಗ್ಗೆ ಸಮಯ ತೆಗೆದಿರಿಸಿದ್ದೇನೆ.