‘ರೇಡಿಯಂ ಜಾಕೆಟ್, 200’ ಎಂದು ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿರಲಿ, ರಾಷ್ಟ್ರೀಯ ಹೆದ್ದಾರಿ 75ರ ದುರಸ್ತಿ ಕೆಲಸವಿರಲಿ, ಕಾರ್ಮಿಕರಿಗೆ ಮಿಂಚುವ ಉಡುಪು ತರಿಸುವಾಗ ಆರ್ಡರ್ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸಾಲು: ‘ರೇಡಿಯಂ ಜಾಕೆಟ್, 200’. ಬರುವ ಮಾಲೂ ಅದಕ್ಕೆ ತಕ್ಕದ್ದೇ. ತೋಳಿಲ್ಲದ ಬಲೆಬಟ್ಟೆ, ಎಲ್ಲರಿಗೂ ಒಂದೇ ಅಳತೆ, ಒಂದಿಂಚಿನ ಬೂದು ಪಟ್ಟಿ. ಬೆಳಿಗ್ಗೆ ಗೇಟಿನ ತಪಾಸಣೆಯಲ್ಲಿ ಮೈಮೇಲಿದ್ದದ್ದು ಹನ್ನೊಂದರ ಬಿಸಿಲಿಗೆ ಟ್ರ್ಯಾಕ್ಟರಿನ ಸೀಟಿನ ಮೇಲಿರುತ್ತದೆ. ಅಂಗಿಯ ಮೇಲೆ ಇನ್ನೊಂದು ಪದರ ಹಾಕಿಕೊಂಡು ಜಲ್ಲಿ ಹೊರು ಎಂದರೆ ಯಾರು ತಾನೇ ಹೊರುತ್ತಾರೆ? ದಿನವಿಡೀ ತೊಡಬೇಕಾದವರಿಗೆ ಮಿಂಚುವ ಅಂಗಿಯನ್ನೇ ಕೊಡಬೇಕು, ಅದನ್ನೂ ಕೆಲಸ ನೋಡಿ ಆರಿಸಬೇಕು.

‘ರೇಡಿಯಂ’ ಎಂಬುದು ಅಂಗಡಿಯ ಮಾತು. ಈ ಪಟ್ಟಿಯಲ್ಲಿ ರೇಡಿಯಂ ಇಲ್ಲ, ತಾನಾಗಿ ಹೊಳೆಯುವ ಗುಣವೂ ಇಲ್ಲ. ಅದರ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ. ಬಿದ್ದ ಬೆಳಕನ್ನು ಅವು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಹಾಗಾಗಿ ಹೆಡ್‌ಲೈಟ್ ಹಾಕಿಕೊಂಡು ಬರುವ ಚಾಲಕನಿಗೆ ಪಟ್ಟಿ ಉರಿಯುವಂತೆ ಕಂಡರೂ ಪಕ್ಕದಲ್ಲಿ ನಿಂತವನಿಗೆ ಬೂದಾಗಿಯೇ ಕಾಣುತ್ತದೆ. ಬಟ್ಟೆಯ ಕಣ್ಣು ಕುಕ್ಕುವ ಬಣ್ಣದ ಕೆಲಸ ಬೇರೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಹೀರಿ ಅದು ಕಾಣುವ ಬೆಳಕಾಗಿ ಹೊರಬಿಡುತ್ತದೆ. ಹಗಲು, ಮುಂಜಾನೆ, ಮುಸ್ಸಂಜೆಯೇ ಅದರ ಹೊತ್ತು. ರಾತ್ರಿ ಹೆಡ್‌ಲೈಟಿನಲ್ಲಿ ಬಣ್ಣದಿಂದ ಹೆಚ್ಚು ಪ್ರಯೋಜನವಿಲ್ಲ, ನಡುಹಗಲಲ್ಲಿ ಪಟ್ಟಿಯಿಂದ ಇಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ.

ಎಷ್ಟು ಬಟ್ಟೆ, ಎಷ್ಟು ಪಟ್ಟಿ ಎಂಬುದಕ್ಕೆ ಲೆಕ್ಕವಿದೆ. ಭಾರತೀಯ ಮಾನಕ ಐಎಸ್ 15809 ಈ ಉಡುಪುಗಳದ್ದೇ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 20471 ಮೂರು ದರ್ಜೆ ಮಾಡಿದೆ. ಬಣ್ಣದ ಬಟ್ಟೆ ಕನಿಷ್ಠ 0.14, 0.50, 0.80 ಚದರ ಮೀಟರ್. ಮಿಂಚುವ ಪಟ್ಟಿ 0.10, 0.13, 0.20 ಚದರ ಮೀಟರ್. ಪಟ್ಟಿಯ ಅಗಲ 50 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಚದರ ಮೀಟರಿನ ಲೆಕ್ಕ ದರ್ಜಿಗೆ ತಲೆನೋವು ಎನ್ನುವುದಾದರೆ ಉದ್ದಕ್ಕೆ ತಿರುಗಿಸಿಕೊಳ್ಳಿ. 50 ಮಿ.ಮೀ. ಅಗಲದ ಪಟ್ಟಿಯಾದರೆ ಮೊದಲ ದರ್ಜೆಗೆ 2 ಮೀಟರ್, ಎರಡನೆಯದಕ್ಕೆ 2.6 ಮೀಟರ್, ಮೂರನೆಯದಕ್ಕೆ 4 ಮೀಟರ್. ಹೊಲಿದ ಅಂಗಿಯ ಮೇಲೆ ಅಳತೆಪಟ್ಟಿ ಹಿಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸುತ್ತಳತೆ 100 ಸೆಂ.ಮೀ. ಇರುವ ಅಂಗಿಗೆ ಎದೆ ಮತ್ತು ಹೊಟ್ಟೆಯ ಸುತ್ತ ಎರಡು ಪಟ್ಟಿ ಹಾಕಿದರೆ ಸಿಗುವುದು 2 ಮೀಟರ್ ಮಾತ್ರ. ಹೆಗಲ ಮೇಲಿನಿಂದ ಹಿಂದಕ್ಕೂ ಮುಂದಕ್ಕೂ ಇಳಿಯುವ ಎರಡು ಪಟ್ಟಿ ಸೇರಿಸಿದ ಮೇಲೆಯೇ ಎರಡನೇ ದರ್ಜೆ ದಾಟುತ್ತದೆ. ಅಡ್ಡ ಪಟ್ಟಿ ಎರಡೇ ಇರುವ ಅಂಗಿಗೆ ‘ಕ್ಲಾಸ್ 2’ ಎಂಬ ಚೀಟಿ ಅಂಟಿಸಿದ್ದರೆ ಮಾರುವವರನ್ನು ಕೇಳಲೇಬೇಕು. ಸಣ್ಣ ಅಳತೆಯ ಅಂಗಿಯಲ್ಲಿ ಬಟ್ಟೆಯೂ ಪಟ್ಟಿಯೂ ಕಡಿಮೆಯಾಗುವುದರಿಂದ ಅಳೆಯಬೇಕಾದದ್ದು ದೊಡ್ಡದನ್ನಲ್ಲ, ಆರ್ಡರಿನ ಅತಿ ಸಣ್ಣದನ್ನು.

ಕಂಪನಿಯ ಹೆಸರೂ ಈ ಲೆಕ್ಕಕ್ಕೆ ಸೇರುತ್ತದೆ. ಬೆನ್ನಿನ ಮೇಲೆ 30 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಮುದ್ರೆ ಹೊಡೆದರೆ 0.12 ಚದರ ಮೀಟರ್ ಬಣ್ಣ ಹೋಯಿತು, ಎರಡನೇ ದರ್ಜೆಗೆ ಬೇಕಾದುದರಲ್ಲಿ ಸುಮಾರು ಕಾಲುಭಾಗ. ಹೆಸರನ್ನು ಎದೆಯ ಜೇಬಿನಷ್ಟಕ್ಕೆ ಇಳಿಸಿದರೆ ಕಂಪನಿಯ ಗೌರವವೇನೂ ಕುಗ್ಗುವುದಿಲ್ಲ.

ಯಾವ ದರ್ಜೆ ಎಂಬುದನ್ನು ಎದುರಿನ ವಾಹನದ ವೇಗ ಹೇಳುತ್ತದೆ. ಗಂಟೆಗೆ 60 ಕಿ.ಮೀ. ಮೀರಿ ವಾಹನ ಓಡುವಲ್ಲಿ ಮೂರನೆಯದು, ಅಲ್ಲಿಯವರೆಗೆ ಎರಡನೆಯದು, 30 ಕಿ.ಮೀ. ಒಳಗಾದರೆ ಮೊದಲನೆಯದು. 80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ನೋಡಿ, ಗುರುತಿಸಿ, ಬ್ರೇಕ್ ತುಳಿಯಲು ಎರಡೂವರೆ ಸೆಕೆಂಡ್ ಹಿಡಿದರೆ ಬ್ರೇಕ್ ಹತ್ತುವ ಮೊದಲೇ 55 ಮೀಟರ್ ಮುಗಿದಿರುತ್ತದೆ. ಹೆದ್ದಾರಿಯ ಗುಂಡಿ ಮುಚ್ಚುವವರಿಗೆ ಅರ್ಧ ತೋಳು ಸಾಲದು ಎನ್ನುವುದು ಇದಕ್ಕೇ. ಮೂರನೇ ದರ್ಜೆಗೆ ಪಟ್ಟಿಯಿರುವ ತುಂಬು ತೋಳು ಅಥವಾ ಪಟ್ಟಿಯಿರುವ ಪೂರಾ ಪ್ಯಾಂಟು ಬೇಕು. ಕೈಕಾಲಿನ ಪಟ್ಟಿ ಅಲುಗಾಡಿದಾಗ ಎದುರಿಗಿರುವುದು ಕಂಬವಲ್ಲ, ಮನುಷ್ಯ ಎಂದು ಚಾಲಕನಿಗೆ ಬೇಗ ಹೊಳೆಯುತ್ತದೆ. ಗೋದಾಮಿನೊಳಗೆ ಫೋರ್ಕ್‌ಲಿಫ್ಟ್ ಮಧ್ಯೆ ಓಡಾಡುವವರಿಗೆ ಎರಡನೇ ದರ್ಜೆಯ ಅರ್ಧ ತೋಳಿನ ಕಾಲರ್ ಟೀಶರ್ಟ್ ಸಾಕು, ಆರಾಮವೂ ಹೌದು.

ಬಣ್ಣವನ್ನು ಹಿಂದಿರುವ ದೃಶ್ಯ ನೋಡಿ ಆರಿಸಬೇಕು. ಹಸಿರು ಹೊಲ, ಮಾವಿನ ತೋಪು, ಹಿಪ್ಪುನೇರಳೆಯ ಪಕ್ಕದ ರಸ್ತೆಗೂ, ಹಳದಿ ಯಂತ್ರಗಳು ತುಂಬಿದ ಕಾಮಗಾರಿಗೂ ಕಿತ್ತಳೆ ಎದ್ದು ಕಾಣುತ್ತದೆ. ಎಪಿಎಂಸಿಯ ಟೊಮೆಟೊ ರಾಶಿಗಳ ನಡುವೆ ಲೋಡಿಂಗ್ ಮಾಡುವವರಿಗೆ ಅದೇ ಕಿತ್ತಳೆ ಕೊಟ್ಟರೆ ಆಳು ರಾಶಿಯಲ್ಲಿ ಕಳೆದುಹೋಗುತ್ತಾನೆ. ಅಲ್ಲಿ ನಿಂಬೆಹಳದಿಯೇ ಸರಿ. ಮುಸ್ಸಂಜೆಯಲ್ಲಿ ನಮ್ಮ ಕಣ್ಣು ಕೆಂಪನ್ನು ಮೊದಲು ಬಿಟ್ಟುಕೊಡುವುದರಿಂದ ಆ ಹೊತ್ತಿನ ಕೆಲಸಕ್ಕೂ ನಿಂಬೆಹಳದಿ ವಾಸಿ.

ಬಟ್ಟೆಯ ವಿಷಯದಲ್ಲಿ ‘ಹತ್ತಿಯೇ ಒಳ್ಳೆಯದು’ ಎನ್ನುವ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಈ ಬಣ್ಣ ಹತ್ತಿಗೆ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ಬೇಗ ಮಾಸುತ್ತದೆ. ಪಾಲಿಯೆಸ್ಟರ್ ಬೇಕೇಬೇಕು, ಹೊರಮುಖ ಪಾಲಿಯೆಸ್ಟರ್, ಒಳಮುಖ ಹತ್ತಿ ಬರುವ ಹೆಣಿಗೆ ಬಟ್ಟೆ ಬೆವರಿಗೆ ಒಳ್ಳೆಯದು. ಕಾರ್ಖಾನೆಯೊಳಗೆ ಚದರ ಮೀಟರಿಗೆ 130ರಿಂದ 150 ಗ್ರಾಂ ತೂಗುವ ಬಟ್ಟೆ, ಅಂದರೆ 130ರಿಂದ 150 ಜಿಎಸ್‌ಎಂ, ಟೇಕಲ್ ಕಡೆಯ ಕಲ್ಲು ಕ್ವಾರಿಗಳಂತಹ ಕಡೆ 180ರಿಂದ 200 ಜಿಎಸ್‌ಎಂನ ನೇಯ್ದ ಬಟ್ಟೆ ಇರಲಿ. ಹಿಗ್ಗುವ ಟೀಶರ್ಟಿಗೆ ಹಿಗ್ಗದ ಪಟ್ಟಿಯನ್ನು ಹೊಲಿದರೆ ಸುಕ್ಕುಗಟ್ಟಿ ದಾರ ಕೀಳುತ್ತದೆ. ಅಲ್ಲಿ ತುಂಡುತುಂಡಾಗಿ ಕತ್ತರಿಸಿದಂತಿರುವ, ಇಸ್ತ್ರಿಯ ಕಾವಿನಲ್ಲಿ ಅಂಟಿಸುವ ಪಟ್ಟಿ ಹಾಕಬೇಕು. ನೇಯ್ದ ಅಂಗಿಗೆ ಹೊಲಿದ ಪಟ್ಟಿಯೇ ಗಟ್ಟಿ.

ವೆಲ್ಡರ್, ಕುಲುಮೆಯ ಕೆಲಸಗಾರ, ಲೈನ್‌ಮನ್ ಇವರಿಗೆ ಮಾತ್ರ ಮೇಲಿನ ಯಾವುದನ್ನೂ ಕೊಡಬೇಡಿ. ಕಿಡಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ತಡೆಯುವ ಬಟ್ಟೆ, ಅದಕ್ಕೆ ಬೆಂಕಿ ತಡೆಯುವ ಪಟ್ಟಿ, ಎರಡೂ ಬೇಕು. ಬೆಂಕಿ ತಡೆಯುವ ದುಬಾರಿ ಅಂಗಿಯ ಮೇಲೆ ಸಾದಾ ಜಾಕೆಟ್ ಹಾಕಿಸಿದರೆ ಆ ಅಂಗಿಗೆ ಕೊಟ್ಟ ಹಣ ವ್ಯರ್ಥ.

ಕ್ರಷರಿನ ಬೆಲ್ಟ್, ತಿರುಗುವ ಶಾಫ್ಟ್ ಹತ್ತಿರ ಮುಂಭಾಗ ತೆರೆದ ಜಾಕೆಟ್ಟಾಗಲಿ, ನೇತಾಡುವ ಲಾಡಿಯಾಗಲಿ ಅಪಾಯ. ಓಡುವ ಯಂತ್ರವನ್ನು ಪರೀಕ್ಷಿಸುವವನಿಗೆ ಮೈಗೆ ಅಂಟಿದ ಉಡುಪನ್ನು ಮಾಲೀಕನೇ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮೇ ಹೇಳಿತ್ತು. ಹಾಗಾಗಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ತೊಡುತ್ತಾರೆ. ಹೊಲಿಸುವವರು ಮರೆಯುವುದು ಇದನ್ನೇ. ಮಾನಕದ ಪ್ರಕಾರ ಕೆಳಪಟ್ಟಿ ಅಂಗಿಯ ಅಂಚಿನಿಂದ 5 ಸೆಂ.ಮೀ. ಮೇಲಿದ್ದರೂ ಸರಿಯೇ, ಆದರೆ ಒಳಸೇರಿಸಿದಾಗ ಆ ಪಟ್ಟಿ ಬೆಲ್ಟಿನ ಕೆಳಗೆ ಮಾಯ. ಇಂತಹವರಿಗೆ ಅಂಚಿನಿಂದ 20 ಸೆಂ.ಮೀ. ಮೇಲೆ ಹೊಲಿಸಿ, ಎರಡು ಪಟ್ಟಿಗಳ ನಡುವೆ ಕನಿಷ್ಠ 5 ಸೆಂ.ಮೀ. ಬಿಡಿಸಿ.

ಹೆಣ್ಣುಮಕ್ಕಳ ಅಳತೆಯನ್ನು ಕೇಳುವವರೇ ಇಲ್ಲ. ನಮ್ಮ ಕಡೆ ಹೊಲದಲ್ಲೂ ರಸ್ತೆ ಕೆಲಸದಲ್ಲೂ ಸೀರೆಯ ಮೇಲೆ ತುಂಬು ತೋಳಿನ ಅಂಗಿ ತೊಡುವುದು ರೂಢಿ. ಮಿಂಚುವ ಅಂಗಿಯನ್ನೂ ಹಾಗೆಯೇ ಕೊಡಬಹುದು: ಸೊಂಟದ ಕೆಳಗೆ ಒಂದು ಗೇಣು ಉದ್ದ, ನೆರಿಗೆಗೆ ಎಡೆಯಾಗುವಂತೆ ಎರಡೂ ಪಕ್ಕ ಸೀಳು, ಮುಂದೆ ಗುಂಡಿ. ಸೆರಗು ಅಂಗಿಯೊಳಗೇ ಉಳಿಯುತ್ತದೆ. ಜಾಕೆಟ್ಟಾದರೆ ಸೆರಗು ಹೊರಬಂದು ಎದೆಯ ಪಟ್ಟಿಯನ್ನು ಮುಚ್ಚುತ್ತದೆ. ಚಳಿಗಾಲದ ಮಂಜಿನಲ್ಲಿ ಸ್ವೆಟರ್, ಜರ್ಕಿನ್ ಮಾಡುವುದೂ ಅದನ್ನೇ. ಸ್ವೆಟರ್ ಒಳಗೆ, ಅಂಗಿ ಹೊರಗೆ. ಅದಕ್ಕಾಗಿ ಒಂದು ಅಳತೆ ದೊಡ್ಡದು ಕೊಡಿ.

ಆಮೇಲೆ ಒಗೆತ. ಒಳ್ಳೆಯ ಅಂಗಿ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಒಗೆಯುವ ಕಲ್ಲು, ಬ್ರಷ್ಷು ಎರಡೂ ಗಾಜಿನ ಮಣಿಗಳನ್ನು ಕೆರೆದು ಹಾಕುತ್ತವೆ. ಪಟ್ಟಿ ನೋಡಲು ಹಾಗೆಯೇ ಬೂದು, ರಾತ್ರಿ ಬೆಳಕು ಬಿದ್ದಾಗ ಮಾತ್ರ ಕುರುಡು. ಬ್ಲೀಚಿಂಗ್ ಪೌಡರ್ ಬಣ್ಣವನ್ನು ತಿನ್ನುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ದ್ರಾವಣ ಪಟ್ಟಿಯ ಮೇಲೆ ಪದರವಾಗಿ ಕೂರುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಬಾರ್ ಸೋಪು ಉಜ್ಜಿದರೂ ಅಷ್ಟೇ, ಬಿಳಿ ಗಸಿ ಉಳಿಯುತ್ತದೆ. ಪುಡಿ ಅಥವಾ ದ್ರವ ಡಿಟರ್ಜೆಂಟ್ ಬಳಸಬೇಕು. ಮೊದಲು ಕೆಂಪು ದೂಳು ಕೊಡವಿ, ಅಂಗಿ ಒಳಮುಖ ತಿರುವಿ, 40 ಡಿಗ್ರಿ ಮೀರದ ನೀರಿನಲ್ಲಿ ಕೈಯಿಂದ ಹಿಂಡದೆ ಜಾಲಾಡಿ, ನೆರಳಿನಲ್ಲಿ ಒಣಗಿಸಬೇಕು. ಬಣ್ಣಕ್ಕೆ ಜೀವ ಕೊಡುವ ಬಿಸಿಲೇ ಅದನ್ನು ಕೊಲ್ಲುವುದು. ಪಟ್ಟಿಯ ಮೇಲೆ ಇಸ್ತ್ರಿ ಬೇಡ. ಚೀಟಿಯಲ್ಲಿ 25 ಒಗೆತ ಎಂದಿದ್ದರೆ, ವಾರಕ್ಕೆರಡು ಬಾರಿ ಒಗೆಯುವ ಅಂಗಿಯ ಆಯಸ್ಸು ಮೂರು ತಿಂಗಳು. ಒಬ್ಬರಿಗೆ ಮೂರು ಅಂಗಿ ಕೊಟ್ಟು ಸರದಿಯಲ್ಲಿ ತೊಡಿಸಿದರೆ ಪ್ರತಿಯೊಂದೂ ಹೆಚ್ಚು ದಿನ ಬರುತ್ತದೆ. ಕೊಟ್ಟ ತಿಂಗಳನ್ನು ಒಳಚೀಟಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆಯಿರಿ.

ಪರೀಕ್ಷೆಗೆ ಪ್ರಯೋಗಾಲಯ ಬೇಡ. ಪ್ರತಿ ಲಾಟಿನಿಂದ ಒಂದು ಅಂಗಿಯನ್ನು ತೊಡದೆ, ಒಗೆಯದೆ ಸ್ಟೋರಿನ ಕಪಾಟಿನಲ್ಲಿಡಿ. ಮೂರು ತಿಂಗಳಿಗೊಮ್ಮೆ ಬಳಸಿದ ಅಂಗಿಯನ್ನು ಅದರ ಪಕ್ಕ ನೇತುಹಾಕಿ, ಕತ್ತಲೆಯಲ್ಲಿ ಹದಿನೈದು ಅಡಿ ದೂರ ನಿಂತು, ಟಾರ್ಚನ್ನು ಕಣ್ಣಿನ ಪಕ್ಕಕ್ಕೇ, ಕಿವಿಯ ಹತ್ತಿರ ಹಿಡಿದು ಬೆಳಕು ಬಿಡಿ. ಸೊಂಟದ ಮಟ್ಟದಲ್ಲಿ ಹಿಡಿದರೆ ಒಳ್ಳೆಯ ಪಟ್ಟಿಯೂ ಮಂಕಾಗಿ ಕಾಣುತ್ತದೆ, ಏಕೆಂದರೆ ಬೆಳಕು ಮರಳುವುದು ಕಣ್ಣಿಗಲ್ಲ, ಕೈಗೆ. ಆಮೇಲೆ ಎರಡರ ಮೇಲೂ ನೀರು ಚಿಮುಕಿಸಿ ಮತ್ತೊಮ್ಮೆ ನೋಡಿ, ಮಳೆಯಲ್ಲಿ ಕೆಟ್ಟ ಪಟ್ಟಿ ಥಟ್ಟನೆ ಆರಿಹೋಗುತ್ತದೆ. ಬಣ್ಣವನ್ನು ಮಾತ್ರ ಹಗಲಲ್ಲಿ, ನೆರಳಿನಲ್ಲಿ ನಿಂತು ಹೋಲಿಸಿ. ಹಳೆಯದು ಸಾದಾ ಹಳದಿ ಬಟ್ಟೆಯಂತೆ ಕಂಡರೆ ಅದನ್ನು ಕತ್ತರಿಸಿ ಯಂತ್ರ ಒರೆಸಲು ಹಾಕಿ. ಇಡಿಯಾಗಿ ಬಿಟ್ಟರೆ ಯಾರೋ ಮತ್ತೆ ತೊಟ್ಟುಕೊಳ್ಳುತ್ತಾರೆ.

ಇಂತಿ,
ಸುರಕ್ಷತಾ ಮೇಲ್ವಿಚಾರಕರು ಮತ್ತು ಸಮವಸ್ತ್ರ ಹೊಲಿಯುವವರು,
ಕೋಲಾರ