ಬರ್ಲಿನ್‌ನಿಂದ ಅಮ್ಮನಿಗೆ: ಅಪ್ಪನ ಮಾತ್ರೆ ಮಾತ್ರ ನಿಲ್ಲಿಸಬೇಡ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಇಲ್ಲಿ ಕ್ಷೇಮ. ನಿನ್ನ ಪತ್ರ ಸೋಮವಾರ ಕೈಸೇರಿತು. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ನೀನು "ಎಲ್ಲ ಸರಿ ಇದೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಅಪ್ಪನಿಗೆ ಟಿ.ಬಿ. ಅಂತ ಗೊತ್ತಾದಾಗಿನಿಂದ ನೀನು ಸರಿಯಾಗಿ ಮಲಗಿಲ್ಲ ಅನ್ನುವುದು ಅಕ್ಷರದಲ್ಲೇ ಕಾಣುತ್ತದೆ. ದೊಡ್ಡಪ್ಪ ಬೇರೆ "ನಮ್ಮ ಅಜ್ಜನೂ ಇದರಲ್ಲೇ ಹೋಗಿದ್ದು, ವಂಶದಲ್ಲೇ ಇದೆ" ಅಂದರಂತೆ. ಅದನ್ನು ಕೇಳಿ ನೀನು ಪುಟ್ಟಿಯ ಮುಖ ನೋಡಿ ಅತ್ತುಬಿಟ್ಟೆಯಂತೆ. ಅಮ್ಮ, ಇದು ವಂಶದ ಕಾಯಿಲೆ ಅಲ್ಲವೇ ಅಲ್ಲ. ಅದನ್ನು ತೋರಿಸಿಕೊಟ್ಟಿದ್ದು ನಾನಿರುವ ಇದೇ ಊರಿನಲ್ಲಿ.

ಹಿಂದೆ ಇಲ್ಲಿಯವರೂ ದೊಡ್ಡಪ್ಪನ ಹಾಗೇ ನಂಬಿದ್ದರು. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು, ಹಾಗಾಗಿ ರಕ್ತದಲ್ಲೇ ಬಂದಿದ್ದು ಅಂದುಕೊಂಡರು. ಫ್ರಾನ್ಸಿನಲ್ಲಿ ವಿಲ್‌ಮ್ಯಾ ಅನ್ನುವ ಡಾಕ್ಟರು 1865ರಲ್ಲೇ ರೋಗಿಯಿಂದ ಮೊಲಕ್ಕೆ ಈ ರೋಗ ದಾಟಿಸಿ ತೋರಿಸಿದ್ದರು. ಬಹಳ ಜನ ಒಪ್ಪಲಿಲ್ಲ. ದಾಟುವ ವಸ್ತು ಯಾವುದು ಅಂತ ಕಣ್ಣಿಗೆ ಕಂಡಿರಲಿಲ್ಲವಲ್ಲ.

ಅದನ್ನು ಕಣ್ಣಿಗೆ ಕಾಣಿಸಿದವರು ರಾಬರ್ಟ್ ಕೋಕ್. ಮೊದಲು ಸಣ್ಣ ಊರಿನ ಡಾಕ್ಟರು. ರೋಗಿಗಳನ್ನು ನೋಡುವುದರ ನಡುವೆಯೇ ದನಗಳ ಆಂತ್ರಾಕ್ಸ್ ರೋಗದ ಕ್ರಿಮಿಯನ್ನು ಅಭ್ಯಾಸ ಮಾಡಿ 1876ರಲ್ಲಿ ಹೆಸರು ಮಾಡಿದವರು. ಟಿ.ಬಿ. ಕ್ರಿಮಿ ಮಾತ್ರ ಬಹಳ ಸತಾಯಿಸಿತು. ಅದರ ಮೈಮೇಲೆ ಮೇಣದಂಥ ಪದರ ಇದೆ, ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಿಡಿಯದಿದ್ದರೆ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. ಕೋಕ್ ನೀಲಿ ಬಣ್ಣವನ್ನೂ ಕಂದು ಬಣ್ಣವನ್ನೂ ಒಂದರ ಮೇಲೊಂದು ಹಾಕಿ ನೋಡಿದರು. ಕಂದು ಹಿನ್ನೆಲೆಯಲ್ಲಿ ನೀಲಿ ಕಡ್ಡಿಗಳು ಎದ್ದು ಕಂಡವು.

ಕಂಡರೆ ಸಾಲದು, ರೋಗ ತರುವುದು ಅದೇ ಅಂತ ತೋರಿಸಬೇಕಲ್ಲ. ಅದಕ್ಕೆ ಕ್ರಿಮಿಯನ್ನು ಮೈಯಿಂದ ಹೊರಗೆ ಬೆಳೆಸಬೇಕು. ನೀನು ರಾತ್ರಿ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರು, ಅಲ್ಲಿಯ ಕ್ರಿಮಿಗಳು ಅಷ್ಟು ಚುರುಕು. ಇದು ಹಾಗಲ್ಲ. ಒಂದು ಎರಡಾಗಲು ಹೆಚ್ಚುಕಡಿಮೆ ಇಡೀ ದಿನ ಬೇಕು. ಮೈಯಷ್ಟೇ ಬೆಚ್ಚಗಿಟ್ಟ ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿ) ಮೇಲೆ ಕೋಕ್ ವಾರಗಟ್ಟಲೆ ಕಾದರು. ಬೆಳೆದದ್ದನ್ನು ಗಿನಿಯಿಲಿಗಳಿಗೆ ಚುಚ್ಚಿದರು. ಅವಕ್ಕೂ ಟಿ.ಬಿ. ಬಂತು, ಅವುಗಳ ಮೈಯಲ್ಲೂ ಅದೇ ಕಡ್ಡಿಗಳು ಸಿಕ್ಕವು. 1882ರ ಮಾರ್ಚ್ 24ರ ಸಂಜೆ ಇಲ್ಲಿನ ಡೊರೊಥೀನ್ ಬೀದಿಯ ಒಂದು ಚಿಕ್ಕ ಕೋಣೆಯಲ್ಲಿ ಇದನ್ನೆಲ್ಲ ಡಾಕ್ಟರುಗಳ ಮುಂದೆ ಇಟ್ಟರು. ಸಾಯುವವರಲ್ಲಿ ಏಳಕ್ಕೆ ಒಬ್ಬರು ಇದರಿಂದಲೇ ಸಾಯುತ್ತಾರೆ ಅಂತ ಅವರು ಹೇಳಿದ ಕಾಲ ಅದು. ನಾನು ಆ ಬೀದಿಗೆ ಹೋಗಿ ನಿಂತುಬಂದೆ. ಅಪ್ಪನದೇ ಯೋಚನೆ.

ಈಗ ಮುಖ್ಯ ವಿಷಯ. ಕೆಮ್ಮು ನಿಂತಿದೆ, ಮಾತ್ರೆ ಸಾಕು ಅನ್ನುತ್ತಿದ್ದಾರಂತೆ ಅಪ್ಪ. ದಯವಿಟ್ಟು ಬಿಡಬೇಡ. ಈ ಕ್ರಿಮಿ ನಿಧಾನ. ಕೆಲವು ಸುಮ್ಮನೆ ಮಲಗಿಬಿಡುತ್ತವೆ, ಅಂಥವಕ್ಕೆ ಮಾತ್ರೆ ಬೇಗ ತಾಗುವುದಿಲ್ಲ. ಅದಕ್ಕೇ ಆರು ತಿಂಗಳು. ಮಧ್ಯೆ ಬಿಟ್ಟರೆ ಉಳಿದವು ಮತ್ತೆ ಏಳುತ್ತವೆ, ಆಮೇಲೆ ಅದೇ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಕೋಕ್ ಅವರ ಕಾಲದಲ್ಲಿ ಔಷಧಿಯೇ ಇರಲಿಲ್ಲ. 1890ರಲ್ಲಿ ಅವರೇ ತಂದ ಟ್ಯೂಬರ್ಕ್ಯುಲಿನ್ ಅನ್ನುವ ಮದ್ದು ಕೆಲಸ ಮಾಡಲಿಲ್ಲ. ಅಪ್ಪನ ಕೈಯಲ್ಲಿ ಔಷಧಿ ಇದೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಅಪ್ಪನ ತಟ್ಟೆ ಲೋಟ ಬೇರೆ ಇಟ್ಟಿದ್ದೀಯಂತೆ. ಅದು ಬೇಕಿಲ್ಲ ಅಮ್ಮ, ಅವರ ಮನಸ್ಸು ನೋಯುತ್ತದೆ. ಇದು ಹರಡುವುದು ಕೆಮ್ಮಿನ ಗಾಳಿಯಿಂದ, ತಟ್ಟೆಯಿಂದಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ. ಕಿಟಕಿ ತೆರೆದಿಡು. ಇಲ್ಲಿಯವರು ಹಿಮ ಬೀಳುವಾಗಲೂ ದಿನಾ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸುತ್ತಾರೆ, ನಮ್ಮ ಮನೆ ಮಾಲೀಕರು ಅದನ್ನು ಬಾಡಿಗೆ ಕರಾರಿನಲ್ಲೇ ಬರೆಸಿದ್ದಾರೆ! ಮೊದಮೊದಲು ನಗು ಬರುತ್ತಿತ್ತು. ಈಗ ನಾನೇ ತೆರೆಯುತ್ತೇನೆ.

ಊರಿಂದ ದೂರ ಎಲ್ಲಾದರೂ ಸೇರಿಸಬೇಕಾ ಅಂತ ಕೇಳಿದ್ದೀಯ. ಬೇಡ. 1956ರಿಂದ ಮದ್ರಾಸಿನಲ್ಲಿ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ, ಅಂದರೆ ಟಿ.ಬಿ. ಆಸ್ಪತ್ರೆಯಲ್ಲಿ, ಕೆಲವರನ್ನು ಮನೆಯಲ್ಲೇ ಇಟ್ಟು ಇಬ್ಬರಿಗೂ ಒಂದೇ ಬಗೆಯ ಮಾತ್ರೆ ಕೊಟ್ಟು ನೋಡಿದ್ದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ರೋಗ ಜಾಸ್ತಿ ಹರಡಲೂ ಇಲ್ಲ. ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದು ಇದು, ಇಡೀ ಜಗತ್ತು ಅದನ್ನು ಒಪ್ಪಿಕೊಂಡಿತು.

ನೀನು, ಅತ್ತಿಗೆ, ಅಣ್ಣ ಎಲ್ಲರೂ ಒಮ್ಮೆ ತಪಾಸಣೆ ಮಾಡಿಸಿ. ಪುಟ್ಟಿಯನ್ನು ಖಂಡಿತ ತೋರಿಸಿ, ಚಿಕ್ಕ ಮಕ್ಕಳಿಗೆ ಮುಂಜಾಗ್ರತೆಯ ಮಾತ್ರೆ ಕೊಡುತ್ತಾರೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ, ಆಶಾ ಅಕ್ಕನಿಗೆ ಬ್ಯಾಂಕ್ ಪಾಸ್‌ಬುಕ್ ತೋರಿಸು. ನಾನೂ ಕಳಿಸಿದ್ದೇನೆ, ಮೊಟ್ಟೆ, ಹಾಲಿಗೆ ಲೆಕ್ಕ ಹಾಕಬೇಡ.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ನಿಜವಾಗಿಯೂ ಆರಾಮಾಗಿದ್ದೇನೆ. ಅಪ್ಪನೂ ಗುಣವಾಗುತ್ತಾರೆ, ಆಗೇ ಆಗುತ್ತಾರೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಓಡಬೇಕು. ಮುಂದಿನ ಕಫದ ಪರೀಕ್ಷೆ ಯಾವಾಗ ಅಂತ ಬರೆ. ಅಣ್ಣನಿಗೆ ಫೋನ್ ಮಾಡಲು ಹೇಳು.

ನಿನ್ನ ಮಗಳು,
ವೀಣಾ