ಯೂರಿಯಾ ಅಗ್ಗವೆಂದು ಪೊಟ್ಯಾಷ್ ಬಿಟ್ಟರೆ

ಮಾನ್ಯ ಸಂಪಾದಕರೇ,

ಪೊಟ್ಯಾಷ್ ಗೊಬ್ಬರದ ಮೇಲಿನ ಕೇಂದ್ರದ ಸಬ್ಸಿಡಿ 2022-23ರ ಹಿಂಗಾರಿನಲ್ಲಿ ಪೋಷಕಾಂಶದ ಕಿಲೋಗೆ 23.65 ರೂ. ಇದ್ದದ್ದು ಮರುವರ್ಷದ ಹಿಂಗಾರಿಗೆ 2.38ಕ್ಕೆ ಇಳಿಯಿತು. ಸಾರಜನಕ ಕೊಡುವ ಯೂರಿಯಾ ಮಾತ್ರ 45 ಕಿಲೋ ಚೀಲಕ್ಕೆ 270 ರೂಪಾಯಿ ಆಸುಪಾಸಿನಲ್ಲೇ ಇದೆ. ಕೈ ಹೋಗುವುದು ಅಗ್ಗದ ಚೀಲಕ್ಕೇ. ಕಾಸರಗೋಡಿನ ಅಡಿಕೆ ತೋಟಕ್ಕೆ ಇದು ತಕ್ಕ ಲೆಕ್ಕವಲ್ಲ.

ಅಡಿಕೆ ಮರವೊಂದಕ್ಕೆ ವರ್ಷದ ಶಿಫಾರಸು ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140. ಚೀಲದಲ್ಲಿ ಸಿಗುವ ಗೊಬ್ಬರದ ಲೆಕ್ಕದಲ್ಲಿ ಇದು ಯೂರಿಯಾ ಸುಮಾರು 220 ಗ್ರಾಂ, ರಾಕ್ ಫಾಸ್ಫೇಟ್ 200, ಮ್ಯೂರಿಯೇಟ್ ಆಫ್ ಪೊಟ್ಯಾಷ್ (ಪೊಟ್ಯಾಷ್ ಗೊಬ್ಬರ) 235. ಯೂರಿಯಾಕ್ಕಿಂತ ಪೊಟ್ಯಾಷೇ ತುಸು ಮುಂದೆ! ನಮ್ಮ ಮುರಕಲ್ಲು ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಒಂದೇ ಸಲ ಸುರಿಯದೆ ಎರಡು ಕಂತು ಮಾಡಬೇಕು, ಎರಡನೆಯದು ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ.

ಖರ್ಚು ಇಳಿಸುವವರು ಮೊದಲು ಊರಿನ ಕೃಷಿ ಇಲಾಖೆ ಕಚೇರಿಯಾದ ಕೃಷಿ ಭವನದ ಮೂಲಕ ಮಣ್ಣು ಪರೀಕ್ಷೆ ಮಾಡಿಸಲಿ. ಒಲೆಯ ಬೂದಿಯಲ್ಲೂ ಪೊಟ್ಯಾಷ್ ಇದೆ. ಆದರೆ ಬೂದಿ, ಸುಣ್ಣವನ್ನು ಯೂರಿಯಾದ ಜೊತೆ ಬೆರೆಸಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ.

– ಅಡಿಕೆ ಕೃಷಿಕರು, ಬದಿಯಡ್ಕ, ಕಾಸರಗೋಡು